ದ್ಯಾಮವ್ವನ ಠೇಸನ್ನು

ನಾನು ಮೊದಲ ಸಲ ಕಂಡಾಗ ದ್ಯಾಮವ್ವ ಪ್ಲಾಟ್‌ಫಾರ್ಮಿನ ತುಂಬ ಹರವಿದ್ದ ಕೆಂಪು ಮೆಣಸಿನಕಾಯಿಯ ನಟ್ಟನಡುವೆ, ಒಂದು ಗೋಣಿತಟ್ಟಿನಷ್ಟು ಜಾಗ ಬಿಟ್ಟುಕೊಂಡು, ಕಡ್ಡಿ ಮುರಿದ ಛತ್ರಿಯ ಕೆಳಗೆ ಕುಳಿತಿದ್ದಳು. ಈ ತುದಿಯಿಂದ ಆ ತುದಿಯವರೆಗೆ ಕೆಂಪೋ ಕೆಂಪು. ಆಕೆ ಒಳಗೆ ಹೇಗೆ ಹೋದಳು, ಹೊರಗೆ ಹೇಗೆ ಬರುತ್ತಾಳೆ ಎಂಬುದಕ್ಕೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಕಸಬರಿಗೆ, ಸಲಿಕೆ, ಬುಟ್ಟಿ ಹಿಡಿದ ನಾವು ಐದು ಮಂದಿ ಕೆಳಗೆ ನಿಂತಿದ್ದೆವು. ಬಂದದ್ದು ಅದೇ ಪ್ಲಾಟ್‌ಫಾರ್ಮನ್ನು ಗುಡಿಸಲಿಕ್ಕೆ.

“ಯಾರು ಬೇಕಾಗಿತ್ರಿ?” ಎಂದಳು.

“ಯಾರೂ ಬ್ಯಾಡ ಯವ್ವಾ. ಈ ಠೇಸನ್ ದುರಸ್ತಿ ಮಾಡಾಕ ಬಂದೇವಿ,” ಎಂದರು ನಮ್ಮ ಹಿರಿಯರಾದ ನಾಡಗೇರ ಸರ್.

“ಯಾವ ಗಾಡಿ ಬರತೈತಿ?”

“ಗಾಡಿ ಬರಂಗಿಲ್ಲ. ಮಂದಿ ಬರ್ತಾರ, ನೋಡಾಕ.”

“ಏನ್ ನೋಡಾಕ?”

“ಠೇಸನ್ನ.”

ಆಕೆ ಛತ್ರಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿದಳು. “ಗಾಡಿ ಬರದ ಠೇಸನ್ ನೋಡಾಕ ಮಂದಿ ಬರ್ತಾರ. ಆ ಮಂದಿ ಬರ್ಲಿ ಅಂತ ನನ್ನ ಕಾಯಿ ನಾ ಎಲ್ಲೆ ಒಣಗಿಸ್ಲಿ?”

ಆ ದಿನ ಕಟ್ಟಡದ ಹಿಂದಿನ ಜಾಲಿಮುಳ್ಳು ಕಡಿದು ಮನೆಗೆ ಹೋದೆವು.

ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ರೈಲುದಾರಿಯ ಬದಿಗೆ ಮುದ್ದನಕಟ್ಟಿ ಎಂಬ ಸಣ್ಣ ಊರು. ಸಣ್ಣ ಹಳಿಯ ಕಾಲದಲ್ಲಿ ಅಲ್ಲೊಂದು ನಿಲ್ದಾಣವಿತ್ತು. ದೊಡ್ಡ ಹಳಿ ಹಾಕುವಾಗ ದಾರಿಯನ್ನು ಇಪ್ಪತ್ತು ಮಾರು ಆಚೆ ಸರಿಸಿದರು; ಹಳೆಯ ಕಲ್ಲಿನ ಕಟ್ಟಡವೂ ಪ್ಲಾಟ್‌ಫಾರ್ಮೂ ಹೊಲಗಳ ನಡುವೆ ಒಂಟಿಯಾಗಿ ಉಳಿದವು. ನಾಡಗೇರ ಸರ್ ರೈಲ್ವೆಯಲ್ಲಿ ಹಳಿ ತಪಾಸಣೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಆ ನಿಲ್ದಾಣವನ್ನು ಹಳೆಯ ರೂಪಕ್ಕೆ ತರಬೇಕು, ಅದರ ಮುಂದೆ ನೂರು ಹೆಜ್ಜೆಯಾದರೂ ಸಣ್ಣ ಹಳಿ ಜೋಡಿಸಿ ಹಿಂದಿನ ಕಾಲದ ನೂಕುವ ಟ್ರಾಲಿಯನ್ನು ಓಡಿಸಬೇಕು ಎಂದು ಅವರಿಗೆ ಹಟ ಹತ್ತಿತ್ತು. ಅಲ್ಲಿ ಇಲ್ಲಿ ಅಲೆದು ಒಂದು ಪರವಾನಗಿ ಕಾಗದ ತಂದರು. ಹಾವೇರಿಯಿಂದ ಇಬ್ಬರು ಮಾಸ್ತರರು, ಬ್ಯಾಡಗಿಯಿಂದ ಒಬ್ಬ ವೆಲ್ಡಿಂಗ್‌ನವ, ರಾಣೆಬೆನ್ನೂರಿನಲ್ಲಿ ಔಷಧ ಅಂಗಡಿ ಇಟ್ಟಿರುವ ನಾನು ಅವರ ಜೊತೆ ಸೇರಿದೆವು. ಪ್ರತಿ ಭಾನುವಾರ ನಮ್ಮ ಕೆಲಸ.

ಊರಿನವರು ನಮ್ಮನ್ನು ನಂಬಲಿಲ್ಲ. ಕೂಲಿಯಿಲ್ಲದೆ ಯಾರಾದರೂ ಬೆವರು ಸುರಿಸುತ್ತಾರೆಯೇ? ಇವರು ನಿಧಿ ಹುಡುಕುವವರು ಎಂದು ಕೆಲವರು ಖಾತ್ರಿ ಮಾಡಿಕೊಂಡರು. ಒಳಗಿನ ನೆಲದ ಕಲ್ಲು ಎಬ್ಬಿಸಿದ ದಿನ ಅರ್ಧ ಊರೇ ಬಂದು ಕಿಟಕಿಗೆ ಮುಖ ಹಚ್ಚಿ ನಿಂತಿತು. ಸಿಕ್ಕಿದ್ದು ಇಲಿ ತಿಂದ ಒಂದು ಕಂತೆ ಹಳೆ ಟಿಕೀಟು. ದ್ಯಾಮವ್ವ ಪ್ಲಾಟ್‌ಫಾರ್ಮಿನಿಂದಲೇ ಕೂಗಿದಳು: “ಏಯ್, ಬಂಗಾರ ಇದ್ದಿದ್ರ ಇಷ್ಟ ವರ್ಷ ಅದರ ಮಗ್ಗಲಾಗ ಕುಂತ ನಾ ಬಿಡ್ತಿದ್ದೆನೇನು?” ನೆರೆದವರು ನಕ್ಕರು. ಚದುರಲಿಲ್ಲ ಮಾತ್ರ. ಇನ್ನು ಕೆಲವರಿಗೆ ನಾವು ಜಮೀನು ಹೊಡೆಯಲು ಬಂದವರು. ಸಿನೆಮಾದವರು ಎಂದುಕೊಂಡವನೊಬ್ಬ ಮೂರು ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಿಂತು, ಕ್ಯಾಮೆರಾ ಕಾಣದೆ ಬೇಸತ್ತು ಬಿಟ್ಟ.

ದ್ಯಾಮವ್ವ ನಮಗೆ ‘ಐತ್ವಾರದ ಹುಚ್ಚರು’ ಎಂದು ಹೆಸರಿಟ್ಟಳು. “ಬಂದ್ರನ ಐತ್ವಾರದ ಹುಚ್ಚರು?” ಎಂದು ನಮ್ಮೆದುರಿಗೇ ಕೇಳುವಳು. ಆಕೆಯ ಮಾತೆಲ್ಲ ಹೀಗೆಯೇ, ಪ್ರಶ್ನೆಯಾಗಿಯೇ ಹೊರಡುವುದು. ಚಹಾ ಬೇಕೇ ಎಂದರೆ “ಯಾರು ಬ್ಯಾಡ ಅಂದ್ರು?” ಎನ್ನುವಳು. ಆರಾಮ ಇದ್ದೀರಾ ಎಂದರೆ “ಇರದ ಏನ್ ಮಾಡ್ಲಿ?” ಅರವತ್ತರ ಹತ್ತಿರದ ವಯಸ್ಸು, ಒಣಕಲು ಮೈ, ಹಣೆಯ ತುಂಬ ಕುಂಕುಮ. ಒಂದು ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಬೀಜದ ಸಪ್ಪಳ ಕೇಳಿ ಇನ್ನೆರಡು ಬಿಸಿಲು ಬೇಕೋ ಒಂದು ಸಾಕೋ ಎಂದು ಹೇಳಬಲ್ಲಳು. ನನ್ನ ಅಂಗಡಿಯ ವಿಷಯ ತಿಳಿದ ಮೇಲೆ ನಾನು ‘ಗುಳಿಗಿ ಅಣ್ಣ’ನಾದೆ. “ಗುಳಿಗಿ ಅಣ್ಣಾ, ಮೊಣಕಾಲಿಗೆ ಏನರ ತಂದೀಯೇನು?” ಎಂದು ಒಂದು ಭಾನುವಾರ ಆಕೆ ಕೇಳಿದ್ದೇ ತಡ, ಊರಿನ ಎಲ್ಲ ಮೊಣಕಾಲುಗಳೂ ನನ್ನ ಬಳಿ ಸಾಲು ಹಚ್ಚಿದವು. ಠೇಸನ್ನಿನ ಮೇಲೆ ನಂಬಿಕೆ ಇಲ್ಲದವರಿಗೂ ಗುಳಿಗೆಯ ಮೇಲೆ ಇತ್ತು.

ಆದರೆ ಪ್ಲಾಟ್‌ಫಾರ್ಮನ್ನು ಆಕೆ ಬಿಡಲಿಲ್ಲ. ನಾವು ಕಟ್ಟಡದಿಂದಲೇ ಶುರು ಮಾಡಿದೆವು. ಒಡೆದ ಹಂಚು ಇಳಿಸಿ ಬೇರೆ ಹಂಚು ಹೊದಿಸಿದೆವು, ಗೋಡೆಯ ಗಾರೆ ಕೆರೆದೆವು. ನಡುನಡುವೆ ದ್ಯಾಮವ್ವ ಬಂದು, ನಾವು ಮೆತ್ತಿದ್ದನ್ನು ಬೆರಳಿನಿಂದ ಒತ್ತಿ ನೋಡಿ ಹೋಗುವಳು.

ಫೆಬ್ರುವರಿಯ ಒಂದು ಭಾನುವಾರ ನಾವು ಒಳಗೆ ಸುಣ್ಣ ಬಳಿಯುತ್ತಿದ್ದೆವು. ಮಧ್ಯಾಹ್ನಕ್ಕೆ ಪಡುವಣದಲ್ಲಿ ಮೋಡ ಏರಿತು. ಆ ತಿಂಗಳಲ್ಲಿ ಯಾರೂ ಎಣಿಸದ ಮೋಡ. ದ್ಯಾಮವ್ವನ ಮಗನೂ ಸೊಸೆ ಶೋಭಾಳೂ ಅಂದು ಊರಲ್ಲಿರಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಆ ವರ್ಷದ ಬೆಳೆಯ ದೊಡ್ಡ ಪಾಲು ಹರವಿತ್ತು, ಅದನ್ನು ಒಟ್ಟುಗೂಡಿಸಲು ಆಕೆ ಒಬ್ಬಳೇ. ಹನಿ ತಾಗಿದರೆ ಕಾಯಿ ಬಣ್ಣ ಕಳೆದುಕೊಂಡು ಬೂಸಲು ಹಿಡಿಯುತ್ತದೆ ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಆಕೆ ಯಾರನ್ನೂ ಕೂಗಲಿಲ್ಲ. ಸೀರೆಯನ್ನು ಮೇಲೆ ಸಿಕ್ಕಿಸಿ, ಎರಡೂ ಕೈಯಿಂದ ಬಾಚಿ ಬಾಚಿ ಗುಂಪು ಮಾಡತೊಡಗಿದಳು.

ನಾಡಗೇರ ಸರ್ ಸುಣ್ಣದ ಕುಂಚವನ್ನು ಬಕೆಟ್ಟಿಗೆ ಎಸೆದರು. “ಏಳ್ರಿ, ಎಲ್ಲಾರೂ ಹೊರಗ ಬರ್ರಿ!”

ಬುಟ್ಟಿಯಲ್ಲಿ, ಸಲಿಕೆಯಲ್ಲಿ, ತಾಡಪತ್ರಿಯಲ್ಲಿ, ಕೊನೆಗೆ ಕಳಚಿದ ಅಂಗಿಗಳಲ್ಲಿ ತುಂಬಿ ತುಂಬಿ ಕಾಯುವ ಕೋಣೆಯೊಳಗೆ ಸುರಿದೆವು. ಘಾಟು ಏರಿ ಒಬ್ಬೊಬ್ಬರೂ ಹತ್ತತ್ತು ಸಲ ಸೀನಿದೆವು. ಕಣ್ಣೊರೆಸಿಕೊಂಡ ವೆಲ್ಡಿಂಗ್‌ನವ “ಸತ್ನೆಪೋ!” ಎಂದು ಕುಣಿಯುತ್ತ ನೀರಿನ ಕಡೆ ಓಡಿದ. ಕಡೆಯ ಬುಟ್ಟಿ ಒಳಗೆ ಬಂದಾಗ ಮಳೆ ಹಂಚಿನ ಮೇಲೆ ಧೋ ಎಂದು ಬಿತ್ತು. ಹಸಿ ಸುಣ್ಣದ ಗೋಡೆಯ ತುಂಬ ನಮ್ಮ ಕೆಂಪು ಕೈಗಳ ಗುರುತು. ಎರಡು ಭಾನುವಾರದ ಕೆಲಸ ಹಾಳಾಗಿತ್ತು.

ದ್ಯಾಮವ್ವ ರಾಶಿಯ ಪಕ್ಕ ಕುಳಿತು ಮೇಲಿನ ಮಾಡನ್ನೇ ನೋಡಿದಳು.

“ಹಂಚು ಯಾರು ಹೊಚ್ಚಿದ್ರು?”

“ನಾವ ಹೊಚ್ಚೇವಿ.”

“ಸೋರವಲ್ದಲ್ಲ?”

ಅದು ನಮಗೆ ಆ ಊರಿನಲ್ಲಿ ಸಿಕ್ಕ ಮೊದಲ ಮೆಚ್ಚುಗೆ. ಮಳೆ ನಿಂತ ಮೇಲೆ ಮನೆಯಿಂದ ಕೊಬ್ಬರಿ ಎಣ್ಣೆ ತಂದು, ಉರಿಯುತ್ತಿದ್ದ ನಮ್ಮ ಕೈಗಳಿಗೆ ಒಬ್ಬೊಬ್ಬರಿಗೂ ತಾನೇ ತಿಕ್ಕಿದಳು. ನಾಡಗೇರ ಸರ್ ಮುಜುಗರದಿಂದ ಕೈ ಹಿಂದಕ್ಕೆ ಎಳೆದರೆ, “ಯಾಕ, ನಿಮ್ಮವ್ವ ಹಚ್ಚಿಲ್ಲೇನು?” ಎಂದು ಎಳೆದುಕೊಂಡಳು. ಮುಂದಿನ ಭಾನುವಾರ ನಾವು ಹೋದಾಗ ಪ್ಲಾಟ್‌ಫಾರ್ಮಿನ ಮೇಲೆ ಅಡ್ಡಕ್ಕೆ ಒಂದು ಹಗ್ಗ ಕಟ್ಟಿತ್ತು. ಹಗ್ಗದ ಆಚೆ ಕಾಯಿ. ಈಚೆ, ಕಸ ಗುಡಿಸಿ ನೀರು ಚಿಮುಕಿಸಿದ ಖಾಲಿ ನೆಲ.

“ಈಚೆ ನಿಮ್ಮದು, ಆಚೆ ನಂದು. ಸುಗ್ಗಿ ಮುಗದ ಮ್ಯಾಲ ಎಲ್ಲಾ ನಿಮ್ಮದು. ಒಪ್ಪಿಗಿ ಐತೋ ಇಲ್ಲೋ?”

ಒಪ್ಪದೆ ಏನು ಮಾಡುವುದು?

ನಮ್ಮ ನಿಜವಾದ ಸಂಕಟ ಶುರುವಾದದ್ದು ಆಮೇಲೆ. ಯುಗಾದಿ ಮುಗಿದ ಮೇಲೆ ಒಬ್ಬ ಅಧಿಕಾರಿ ಬಂದು ನೋಡುತ್ತಾರೆ, ಹಳಿಯನ್ನೂ ಜೋಡಿಸಿ ತೋರಿಸದಿದ್ದರೆ ಪರವಾನಗಿ ರದ್ದಾಗುತ್ತದೆ, ಕಟ್ಟಡ ಕೆಡವಬೇಕಾದವುಗಳ ಪಟ್ಟಿಗೆ ಸೇರುತ್ತದೆ ಎಂದು ಕಾಗದ ಬಂತು. ಹಳಿ ಎಲ್ಲಿದೆ? ಒಂದಿಷ್ಟು ಮುಳ್ಳುಕಂಟಿಯೊಳಗೆ ಹೂತಿತ್ತು. ಉಳಿದ ಹಳಿ, ಬೆಂಚು, ಟಿಕೀಟು ಕಿಟಕಿಯ ಸರಳು, ಊರ ಹೆಸರು ಕೆತ್ತಿದ ಕಲ್ಲು, ಎಲ್ಲ ಯಾವುದೋ ಕಾಲದಲ್ಲಿ ಊರೊಳಗೆ ನಡೆದುಹೋಗಿದ್ದವು. ನಾಡಗೇರ ಸರ್ ಊರಿನ ಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಿ ಕೈಮುಗಿದು ಕೇಳಿದರು. ಎಲ್ಲರೂ ಆಕಾಶ ನೋಡಿದರು. “ನಮ್ಮ ಮನ್ಯಾಗ ಏನೂ ಇಲ್ರಿ.” “ನಾವೂ ಹುಡಕಾಕತ್ತೇವಿ ನೋಡ್ರಿ.” ನಿಧಿಯ ಗುಮಾನಿ ಹೋಗಿ ಈಗ ಹೊಸ ಗುಮಾನಿ ಹುಟ್ಟಿತ್ತು. ಇವರು ಸಾಮಾನು ಪತ್ತೆ ಹಚ್ಚಿ ಕಳ್ಳತನದ ಕೇಸು ಹಾಕಿಸಲು ಬಂದವರು. ಮರುದಿನದಿಂದ ಕೆಲವರು ದನದ ಕೊಟ್ಟಿಗೆಯ ಬಾಗಿಲಿಗೆ ಗೋಣಿ ಪರದೆ ಕಟ್ಟಿದರು ಎಂದು ಕೇಳಿದೆವು.

ಮುಂದಿನ ಭಾನುವಾರ ನಾಡಗೇರ ಸರ್ ಕೆಲಸ ಮಾಡಲಿಲ್ಲ. ಮೆಟ್ಟಿಲ ಮೇಲೆ ಕುಳಿತು, “ಸಾಕ್ರೀ, ಬಿಟ್ಟುಬಿಡೋಣು,” ಎಂದರು. ಅವರ ಬಾಯಿಂದ ಆ ಮಾತು ಬಂದದ್ದು ನಾನು ಕೇಳಿದ್ದು ಅದೊಂದೇ ಸಲ. ದ್ಯಾಮವ್ವ ಹಗ್ಗದ ಆಚೆಯಿಂದ ಕೇಳಿಸಿಕೊಂಡಳು. ಎದ್ದು ಬಂದು ನಮ್ಮೆದುರು ನಿಂತಳು. ಆ ದಿನ ಮುಖದಲ್ಲಿ ನಗೆಯಿರಲಿಲ್ಲ.

“ಗುಳಿಗಿ ಅಣ್ಣಾ, ಮಾಸ್ತರ್‍ರ, ಎಲ್ಲಾರೂ ಮನೀತನ ಬರ್ತೀರೇನು?”

ಹಿತ್ತಲಿಗೆ ಕರೆದೊಯ್ದಳು. ಬಾವಿಯ ಪಕ್ಕ ಬಟ್ಟೆ ಒಗೆಯುವ ದೊಡ್ಡ ಕಲ್ಲು. ಅದನ್ನು ಹಾರೆಯಿಂದ ಮೀಟಿ ಮಗುಚಿ ಎಂದಳು. ಮಗುಚಿದೆವು. ಮಣ್ಣು ಮೆತ್ತಿದ ಅಡಿಭಾಗದಲ್ಲಿ ಅಂಗೈಯಗಲದ ಅಕ್ಷರಗಳು: ಮುದ್ದನಕಟ್ಟಿ.

ನಾಡಗೇರ ಸರ್ ಮೊಣಕಾಲೂರಿ ಕುಳಿತು ಮಣ್ಣನ್ನು ಅಂಗೈಯಿಂದಲೇ ಒರೆಸಿದರು.

“ನಮ್ಮ ಹಿರ್‍ಯಾರು ಬಂಡ್ಯಾಗ ಹೇರಿಕೊಂಡು ಬಂದಿದ್ರು,” ಎಂದಳು ದ್ಯಾಮವ್ವ. “ನನಗ ಓದಾಕ ಬರಂಗಿಲ್ಲ ಖರೇ. ಊರ ಹೆಸರು ಅಂತ ಮಾತ್ರ ಗೊತ್ತಿತ್ತು. ಅದರ ಮ್ಯಾಲ ಹೊಲಸ ಅರಿವಿ ಹ್ಯಾಂಗ ಬಡೀಲಿ? ಅದಕ್ಕ ಮಾರಿ ಕೆಳಗ ಮಾಡಿ ಹಾಕಿಸಿದೆ.” ನಮ್ಮ ಕಡೆ ತಿರುಗಿ ಕೇಳಿದಳು: “ಪೊಲೀಸರಿಗೆ ಹೇಳ್ತೀರೇನು?”

“ಛೇ, ಛೇ! ಇಲ್ಲ ಯವ್ವಾ.”

“ಯಾರ ಮ್ಯಾಲೂ?”

“ಯಾರ ಮ್ಯಾಲೂ ಇಲ್ಲ.”

“ಬರದು ಕೊಡ್ತೀರೇನು?”

ಮುದ್ದನಕಟ್ಟಿಯಲ್ಲಿ ಸಾಮಾನು ಮರಳಿ ಕೊಟ್ಟ ಯಾರ ಮೇಲೂ ನಾವು ದೂರು ಕೊಡುವುದಿಲ್ಲ ಎಂದು ನಾಡಗೇರ ಸರ್ ಅಲ್ಲೇ ಬರೆದರು, ನಾವು ಐವರೂ ಸಹಿ ಹಾಕಿದೆವು. ದ್ಯಾಮವ್ವ ಅದನ್ನು ಶೋಭಾಳ ಕೈಯಲ್ಲಿ ಎರಡು ಸಲ ಓದಿಸಿದಳು. ಕಾಗದವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಗನಿಗೆ ಬಂಡಿ ಹೂಡಲು ಹೇಳಿ, ಕಲ್ಲನ್ನು ಅಕ್ಷರ ಮೇಲೆ ಕಾಣುವಂತೆ ಅದರಲ್ಲಿ ಇಡಿಸಿ, ತಾನು ಮುಂದೆ ನಡೆದಳು.

ಅಂಥ ಮೆರವಣಿಗೆಯನ್ನು ನಾನು ಮತ್ತೆ ನೋಡಿಲ್ಲ. ಪ್ರತಿ ಮನೆಯ ಮುಂದೆ ನಿಂತು ಆಕೆ ಕೇಳುತ್ತಿದ್ದದ್ದು ಒಂದೇ ಮಾತು: “ನಂದು ಬಂಡ್ಯಾಗ ಐತಿ. ನಿಂದೆಲ್ಲೈತಿ?”

ಯಾರ ಮನೆಯಲ್ಲಿ ಏನಿದೆ ಎಂಬುದು ಆಕೆಗೆ ಬಾಯಿಪಾಠ. ಒಬ್ಬನ ಕೊಟ್ಟಿಗೆಯ ತೊಲೆ ಹಳಿಯದು. “ಅದನ್ನ ತಗದ್ರ ಮಾಡು ಬೀಳತೈತೆಬೇ,” ಎಂದು ಅವನು ಗೋಳಾಡಿದರೆ, “ಇವರು ಮಾಡು ಹೊಚ್ಚವರ ಅದಾರಲ್ಲ?” ಎಂದು ನಮ್ಮನ್ನು ತೋರಿಸಿದಳು. ನಾವು ಮುಂದಿನ ವಾರ ಹೋಗಿ ಮರದ ತೊಲೆ ಕೊಟ್ಟು ಹಳಿ ಬಿಡಿಸಿಕೊಂಡೆವು. ಟಿಕೀಟು ಕಿಟಕಿಯ ಸರಳು ಒಂದು ಕೋಳಿಗೂಡಿನ ಬಾಗಿಲಾಗಿತ್ತು. ಅದನ್ನು ಬಿಚ್ಚಿದಾಗ ಹನ್ನೊಂದು ಕೋಳಿ ಬೀದಿಗೆ ಹಾರಿ, ಹಾವೇರಿಯ ಮಾಸ್ತರರಿಬ್ಬರೂ ಅವುಗಳ ಹಿಂದೆ ಓಡಿದರು. ಮೊದಮೊದಲು ಬಾಗಿಲು ಹಾಕಿಕೊಂಡಿದ್ದವರು ನಗು ತಡೆಯಲಾರದೆ ಹೊರಗೆ ಬಂದರು. ಸಂಜೆಗೆ ಕೆಲವರು ತಾವಾಗಿಯೇ ಹೊತ್ತು ತಂದು ಬಂಡಿಗೆ ಹಾಕತೊಡಗಿದರು.

ವೀರನಗೌಡರು ಮಾತ್ರ ಒಪ್ಪಲಿಲ್ಲ. ಕಾಯುವ ಕೋಣೆಯ ಸಾಗವಾನಿ ಬೆಂಚು ಅವರ ಪಡಸಾಲೆಯಲ್ಲಿತ್ತು. “ನಮ್ಮಪ್ಪ ಲಿಲಾವಿನ್ಯಾಗ ಸವಾಲು ಕೂಗಿ ತಗೊಂಡಿದ್ದು. ಕೊಡಂಗಿಲ್ಲ,” ಎಂದರು. ಊರಿನ ದೊಡ್ಡ ಕುಳ. ನಾವು ಹಿಂದೆ ಸರಿದೆವು. ದ್ಯಾಮವ್ವ ಬಂಡಿಯನ್ನು ಮುಂದೆ ಹೊಡೆಸಿದಳು. ಮರು ಭಾನುವಾರ ಬೆಳಿಗ್ಗೆಯೇ ಗೌಡರ ಪಡಸಾಲೆಗೆ ಹೋಗಿ, ಆ ಬೆಂಚಿನ ಮೇಲೆ ಕಾಲು ಮಡಚಿ ಕುಳಿತು, ಮಡಿಲಲ್ಲಿದ್ದ ಶೇಂಗಾ ಸುಲಿಯತೊಡಗಿದಳು.

“ಯಾಕ ದ್ಯಾಮವ್ವಾ, ಏನ್ ಬೇಕಾಗಿತ್ತು?”

“ಏನೂ ಇಲ್ರಿ ಗೌಡ್ರ. ಠೇಸನ್ ಬೆಂಚಲ್ಲೇನ್ರಿ ಇದು? ಗಾಡಿ ಬರೂತನ ಕುಂದರಾಕ ಬಂದೇನಿ.”

ಗೌಡತಿ ಚಹಾ ಕೊಟ್ಟರು, ಕುಡಿದಳು. ಮಧ್ಯಾಹ್ನ ರೊಟ್ಟಿ, ಎಣಗಾಯಿ ಪಲ್ಯ ಕೊಟ್ಟರು, ಹೊಗಳಿ ಉಂಡಳು. ಬಂದು ಹೋಗುವವರೆಲ್ಲ ಬಾಗಿಲಲ್ಲಿ ಇಣುಕಿ “ಗಾಡಿ ಬಂತೇನಬೇ?” ಎಂದು ಕೇಳತೊಡಗಿದರು. ಮೂರು ಗಂಟೆಯ ಹೊತ್ತಿಗೆ ಗೌಡರಿಗೇ ನಗು ಬಂತು. “ಒಯ್ರಿಪಾ, ಒಯ್ರಿ. ಇಲ್ಲಾಂದ್ರ ಇಕಿ ಇಲ್ಲೇ ಸಂಸಾರ ಹೂಡ್ತಾಳ,” ಎಂದು ನಮಗೆ ಹೇಳಿಕಳಿಸಿದರು. ನಾವು ಹೋದಾಗ ಆಕೆ ಏಳಲು ತಯಾರಿರಲಿಲ್ಲ. “ನಾ ಎದ್ದ ಮ್ಯಾಲ ಗೌಡ್ರ ಮನಸ ಬದಲಾದ್ರ?” ಹಾಗಾಗಿ ಕುಳಿತ ಆಕೆಯ ಸಮೇತ ಬೆಂಚನ್ನು ಎತ್ತಿದೆವು. ಒಂದು ಮೂಲೆಗೆ ಗೌಡರೇ ಹೆಗಲು ಕೊಟ್ಟರು. ಹನುಮಪ್ಪನ ಗುಡಿಯವರೆಗೆ ಹೋಗುವಷ್ಟರಲ್ಲಿ ಮೇಲಿನಿಂದ ಕೂಗು:

“ಇಳಸ್ರೋ, ಇಳಸ್ರಿ! ಹೆಣಾ ಹೊತ್ತಂಗ ಹೊಂಟೀರಲ್ಲ, ನನಗ ಕಾಯಿ ಆರ್‍ಸೂದಿಲ್ಲೇನು?”

ಆ ಅಧಿಕಾರಿ ಬಂದದ್ದು ಏಪ್ರಿಲಿನಲ್ಲಿ. ನೂರು ಹೆಜ್ಜೆಗೆ ಬದಲು ನೂರಿಪ್ಪತ್ತು ಹೆಜ್ಜೆಯ ಹಳಿಯನ್ನು, ಆಚೆಯ ಬೇವಿನ ಗಿಡದವರೆಗೆ, ಹಾಕಿದ್ದೆವು. ಹೆಸರಿನ ಕಲ್ಲು ಎದ್ದು ನಿಂತಿತ್ತು. ಅವರು ಎಲ್ಲ ನೋಡಿ, ಕಾಯುವ ಕೋಣೆಯ ಒಂದು ಗೋಡೆಯ ಮೇಲೆ ಕೆಂಪು ಕೈಗುರುತುಗಳನ್ನು ಯಾಕೆ ಹಾಗೆಯೇ ಬಿಟ್ಟಿದ್ದೀರಿ ಎಂದು ಕೇಳಿದರು. ನಾಡಗೇರ ಸರ್ ಮಳೆಯ ಕಥೆ ಹೇಳಿದರು. ಅಧಿಕಾರಿ ನಗುತ್ತ ಸಹಿ ಹಾಕಿದರು. ಊರು ಚಪ್ಪಾಳೆ ಹೊಡೆಯಿತು. ಇಸ್ತ್ರಿ ಅಂಗಿಯವನೂ ಬಂದಿದ್ದ. ಈ ಸಲ ನಿಜವಾಗಿ ಫೋಟೋ ತೆಗೆಯುವವರಿದ್ದರು.

ಟ್ರಾಲಿಯ ಮೇಲೆ ಮೊದಲು ಯಾರು ಕೂಡಬೇಕೆಂಬ ಮಾತು ಬಂದಾಗ ಗೌಡರೇ ದ್ಯಾಮವ್ವನ ಕಡೆ ಕೈ ಮಾಡಿದರು. ಆಕೆ ಹಿಂಜರಿದಳು. ಅಲ್ಲಿಯವರೆಗೆ ನಾನು ಆಕೆಯಲ್ಲಿ ಕಾಣದ ಸಂಕೋಚ.

“ನಾ ಒಮ್ಮೆನೂ ರೈಲು ಹತ್ತಿಲ್ಲಣ್ಣಾ,” ಎಂದು ನನ್ನ ಬಳಿ ಮೆಲ್ಲಗೆ ಹೇಳಿದಳು. ಆಕೆ ಸೊಸೆಯಾಗಿ ಕುಪ್ಪೇಲೂರಿನಿಂದ ಬಂದದ್ದು ಬಸ್ಸಿನಲ್ಲಿ. ಅದೇ ವರ್ಷ ಇಲ್ಲಿ ಗಾಡಿ ನಿಲ್ಲುವುದು ಬಂದಾಯಿತಂತೆ. ಅಷ್ಟು ವರ್ಷ ರೈಲುಗಳ ಸಪ್ಪಳದಲ್ಲೇ ಕಾಯಿ ಒಣಗಿಸಿದವಳು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. “ಟಿಕೀಟ್ ಇಲ್ಲದ ಹತ್ತಿದ್ರ ದಂಡ ಹಾಕ್ತಾರಲ್ಲೇನು?” ಎಂದು ಮತ್ತೆ ಕೇಳಿದಾಗ ನಾಡಗೇರ ಸರ್ ಒಂದು ಚೀಟಿಯಲ್ಲಿ ‘ಮುದ್ದನಕಟ್ಟಿಯಿಂದ ಬೇವಿನ ಗಿಡ’ ಎಂದು ಬರೆದು ಕೊಟ್ಟರು. ಆಕೆ ಕಣ್ಣು ಮುಚ್ಚಿ, ನನ್ನ ತೋಳು ಗಟ್ಟಿಯಾಗಿ ಹಿಡಿದು ಕುಳಿತಳು. ಇಬ್ಬರು ನೂಕಿದರು. ಗಾಲಿ ಕಿರ್ರೆಂದಿತು. ಬೇವಿನ ಗಿಡ ಬಂದು ಟ್ರಾಲಿ ನಿಂತ ಮೇಲೆ ಒಂದು ಕಣ್ಣು ತೆರೆದಳು.

“ಇದ್ಯಾವ ಊರಪಾ?”

ನಕ್ಕು ನಕ್ಕು ನೂಕುವವರಿಗೆ ಮರಳಿ ನೂಕಲು ಶಕ್ತಿ ಉಳಿಯಲಿಲ್ಲ.

ಆ ಮೇಲಿನ ಎರಡು ವರ್ಷ ದ್ಯಾಮವ್ವ ಆ ಠೇಸನ್ನಿನ ಒಡತಿ. ಹಾವೇರಿಯಿಂದ, ಗುತ್ತಲದಿಂದ ಶಾಲೆಯ ಮಕ್ಕಳು ಬಂದರೆ ಚಪ್ಪಲಿ ಬಿಡಿಸಿ ಒಳಗೆ ಬಿಡುವಳು. ಹಗ್ಗದ ಆಚೆ ಕಾಲಿಟ್ಟವರಿಗೆ ಬೈಗುಳ. “ಇದನ್ನ ಯಾರು ಕಟ್ಟಿದ್ರಜ್ಜಿ?” ಎಂದು ಮಕ್ಕಳು ಕೇಳಿದರೆ, “ಯಾರು ಕಟ್ಟಿದ್ರೋ ಯಾರಿಗ್ಗೊತ್ತು? ಉಳಿಸಿದವರು ಬೇಕಾದ್ರ ಅಲ್ಲದಾರ ನೋಡು, ಐತ್ವಾರದ ಹುಚ್ಚರು,” ಎನ್ನುವಳು.

ಗುಳಿಗೆಗೆ ಬಗ್ಗದ ಮೊಣಕಾಲು ಕೊನೆಗೆ ಆಕೆಯನ್ನು ಬೆಳಗಾವಿಯಲ್ಲಿರುವ ಮಗಳ ಮನೆಗೆ ಹೊರಡಿಸಿತು. ಅಲ್ಲಿ ಡಾಕ್ಟರಿಗೆ ತೋರಿಸುವುದು, ಮಳೆಗಾಲ ಕಳೆದು ಬರುವುದು ಎಂದಾಗಿತ್ತು. ಮನೆಯ ಹತ್ತಿರದ ಬ್ಯಾಡಗಿ ಬಿಟ್ಟು, ತಿರುಗು ದಿಕ್ಕಿಗೆ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಬಂದಳು. ಮಗ ಸಿಡಿಮಿಡಿಗೊಂಡಿದ್ದ. ಕಳಿಸಿಕೊಡಲು ನಿಲ್ದಾಣಕ್ಕೆ ಹೋಗಿದ್ದ ನಾನು, ಯಾಕೆ ಹೀಗೆ ಸುತ್ತು ಎಂದು ಕೇಳಿದೆ.

“ಬ್ಯಾಡಗ್ಯಾಗ ಹತ್ತಿದ್ರ ಗಾಡಿ ನಮ್ಮ ಠೇಸನ್ ಮುಂದ ಹಾಯತೈತೇನು?”

ಎಡಗಡೆಯ ಕಿಟಕಿಯ ಬಳಿ ಕೂಡಿಸಿದೆ. ಹೊಸ ಸೀರೆ, ಕೈತುಂಬ ಹಸಿರು ಬಳೆ. ಗಾಡಿ ಅಲುಗಿದಾಗ, “ಹುಷಾರಾಗಿ ಹೋಗಿ ಬರ್ರಿ ಯವ್ವಾ,” ಎಂದೆ.

“ಬರಾಕ ಅಲ್ಲೇನಣ್ಣಾ ಹೋಗೂದು?” ಎಂದಳು.

ಅಂದು ಭಾನುವಾರ. ನಾನು ನಾಡಗೇರ ಸರ್‌ಗೆ ಫೋನು ಮಾಡಿದೆ. ಅವರು ಊರಿನಲ್ಲಿ ಸುದ್ದಿ ಮುಟ್ಟಿಸಿದರು. ಗಾಡಿ ಬರುವಷ್ಟರಲ್ಲಿ ಗೌಡರು, ಶೋಭಾ, ಕೋಳಿಯವರು, ಕೊಟ್ಟಿಗೆಯವರು, ಅರ್ಧಕ್ಕಿಂತ ಹೆಚ್ಚು ಊರು ಹಳೆಯ ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ನಿಂತಿತ್ತಂತೆ. ಗಾಡಿ ಜೋರಾಗಿಯೇ ಹಾದುಹೋಯಿತು. ಒಂದು ಕಿಟಕಿಯಿಂದ ಹಸಿರು ಬಳೆಯ ಕೈ ಹೊರಬಂದು ಬೀಸಿತು. ದ್ಯಾಮವ್ವ ಏನೋ ಕೂಗಿದಳು.

ಆಕೆ ಮರಳಲಿಲ್ಲ. ಶ್ರಾವಣದಲ್ಲಿ ಒಂದು ಮುಂಜಾನೆ ಮಗಳ ಮನೆಯಲ್ಲಿ ಚಹಾ ಕುಡಿದು ಗೋಡೆಗೆ ಒರಗಿದವಳು ಹಾಗೆಯೇ ಹೋದಳು.

ಅಂದು ಆಕೆ ಏನು ಕೂಗಿದಳು ಎಂಬ ವಾದ ಮುದ್ದನಕಟ್ಟಿಯಲ್ಲಿ ಇನ್ನೂ ಮುಗಿದಿಲ್ಲ. “ಕಾಯಿ ಹೊಳ್ಳಿಸಿದಿಯೇನ” ಎಂದು ತನಗೇ ಕೇಳಿದ್ದು ಎನ್ನುತ್ತಾಳೆ ಶೋಭಾ. ನಾಡಗೇರ ಸರ್ ಪ್ರಕಾರ “ಹಸಿರ ನಿಶಾನಿ ಎಲ್ಲಿ” ಎಂದದ್ದು. ಗೌಡರು ಬೆಂಚಿನ ವಿಷಯ ಎಂದು ಆಣೆ ಮಾಡುತ್ತಾರೆ. ಪಕ್ಕದಲ್ಲೇ ಕುಳಿತಿದ್ದ ಮಗನನ್ನು ಕೇಳಿದರೆ, ಗಾಳಿಗೆ ಏನೂ ಕೇಳಿಸಲಿಲ್ಲ, ಅವ್ವ ನಗುತ್ತಿದ್ದದ್ದು ಮಾತ್ರ ನೋಡಿದೆ ಎನ್ನುತ್ತಾನೆ. ಕಳೆದ ಭಾನುವಾರವೂ ಸುಣ್ಣದ ಕೆಲಸದ ನಡುವೆ ಚಹಾ ಕುಡಿಯುತ್ತ ಇದೇ ವಾದ ಎದ್ದಿತು. ಶೋಭಾ ಒಂದು ಹೇಳಿದಳು, ಗೌಡರು ಒಂದು ಹೇಳಿದರು, ದನಿ ಏರಿತು. ಅಷ್ಟರಲ್ಲಿ ರಾಣೆಬೆನ್ನೂರಿನ ಕಡೆಯಿಂದ ಗಾಡಿ ಬಂತು. ಎಲ್ಲರೂ ಮಾತು ನಿಲ್ಲಿಸಿ ಎದ್ದು ನಿಂತು, ಒಂದೊಂದೇ ಕಿಟಕಿಯನ್ನು ನೋಡಿದೆವು.